ಶ್ರೀನಿವಾಸಪುರಕ್ಕೆ ಬಂದ ನಾಲಿಗೇರಿಯಾ

ಸೀತಾರಾಮಯ್ಯನವರು ಮೀನು ತಿಂದವರಲ್ಲ, ಮುಟ್ಟಿದವರಲ್ಲ. ಮುಳಬಾಗಿಲಿನ ಅವರ ವಂಶದಲ್ಲಿ ಮೀನನ್ನು ಹತ್ತಿರದಿಂದ ಕಂಡವರೆಂದರೆ ದೇವರ ಮನೆಯ ದಶಾವತಾರದ ಪಟದಲ್ಲಿ ಕಂಡವರು ಮಾತ್ರ. ಆದರೂ ಇವತ್ತು ಶ್ರೀನಿವಾಸಪುರದಲ್ಲಿ ಮೀನಿನ ವಿಷಯಕ್ಕೆ ಕೊನೆಯ ಮಾತು ಅವರದೇ. ಈ ಕೀರ್ತಿ ಅವರಿಗೆ ಹೇಗೆ ಬಂತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಸೇರಿಸುವ ಅಗತ್ಯ ನನಗೆ ಬೀಳಲಿಲ್ಲ.

ಅವರು ಮಾವಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರು. ಆದರೆ ಓದಿದ್ದು ಬಿ.ಎಸ್ಸಿ., ಅದರಲ್ಲೂ ಪ್ರಾಣಿಶಾಸ್ತ್ರ. ಕಾಲೇಜಿನಲ್ಲಿ ಜಿರಲೆ ಕೊಯ್ಯುವ ದಿನ ಅವರು ತಲೆ ಸುತ್ತಿ ಬಿದ್ದದ್ದು, ಜಿರಲೆಯನ್ನು ಪಕ್ಕದ ಹುಡುಗಿ ಕೊಯ್ದದ್ದು, ಇವು ಊರಿಗೆ ಗೊತ್ತಿಲ್ಲದ ಸಂಗತಿಗಳು. ಊರಿಗೆ ಗೊತ್ತಿದ್ದದ್ದು ಒಂದೇ: "ನಾವು ಜೂವಾಲಜಿಯವರು" ಎಂದು ಅವರೇ ಹೇಳಿಕೊಳ್ಳುತ್ತಿದ್ದದ್ದು. ಬೀದಿಗೆ ಹಾವು ಬಂದರೆ, ಅದು ಹೊರಟುಹೋದ ಮೇಲೆ ಮನೆಯಿಂದ ಹೊರಗೆ ಬಂದು ಅದು ಯಾವ ಹಾವೆಂದು ಹೇಳುತ್ತಿದ್ದವರು ಅವರೇ. ಹಾವು ವಾಪಸ್ಸು ಬಂದು ಅಲ್ಲಗಳೆದ ಉದಾಹರಣೆ ಇಲ್ಲ.

ಮಾವಿನ ಕಾಲ ಮುಗಿದು ಮಂಡಿಯಲ್ಲಿ ನೊಣಗಳಿಗೂ ಕೆಲಸವಿಲ್ಲದ ಒಂದು ಭಾನುವಾರ. ಸೀತಾರಾಮಯ್ಯನವರು ಸ್ನಾನ ಮುಗಿಸಿ ತುಳಸಿ ಕಟ್ಟೆಗೆ ನೀರು ಹಾಕುತ್ತಿದ್ದಾಗ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಮುನಿಯಲ್ಲಪ್ಪನ ತಲೆ ಎದ್ದಿತು. ಮುನಿಯಲ್ಲಪ್ಪ ಬಸ್ಸು ಓಡಿಸಿ ನಿವೃತ್ತನಾದವನು. ಯಾವುದಕ್ಕೂ ಗಾಬರಿಯಾಗುವ ಮನುಷ್ಯನಲ್ಲ. ಅವತ್ತು ಆಗಿದ್ದ. ತಲೆಯ ಹಿಂದೆಯೇ ಅವನ ಕೈ ಬಂತು, ಕೈಯಲ್ಲಿ ಒಂದು ಕಪ್ಪು ಪಾಂಪ್ಲೆಟ್ ಮೀನು ಬಂತು.

"ಸಾಮಿ, ಒಂಚೂರು ಇದರ ಬಾಯಲ್ಲಿ ನೋಡಿ. ನಾಲಿಗೆ ಇರೋ ಜಾಗದಲ್ಲಿ ಯಾವನೋ ಕೂತವ್ನೆ."

ಸೀತಾರಾಮಯ್ಯನವರು ತಂಬಿಗೆಯನ್ನು ಎದೆಗೆ ಅವುಚಿಕೊಂಡು ದೂರದಿಂದಲೇ ಬಗ್ಗಿ ನೋಡಿದರು. ಮೀನಿನ ಬಾಯೊಳಗೆ ಬೆಳ್ಳಗೆ, ಹೆಬ್ಬೆರಳಿನಷ್ಟು ದಪ್ಪನೆಯ ಒಂದು ಜೀವಿ ಕೂತಿತ್ತು. ಮೈಯೆಲ್ಲ ಪಟ್ಟೆ ಪಟ್ಟೆ. ಎರಡು ಕಪ್ಪು ಕಣ್ಣು. ಅದು ನೇರವಾಗಿ ಸೀತಾರಾಮಯ್ಯನವರನ್ನೇ ನೋಡುತ್ತಿತ್ತು, ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು ಯಾರು ಬೇಕಿತ್ತು ಎಂದು ಕೇಳುವವರ ಹಾಗೆ.

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ಮುನಿಯಲ್ಲಪ್ಪನ ಹೆಂಡತಿ ಆಂಜಿನಮ್ಮ ಬಂದಿದ್ದಳು, ಎದುರು ಮನೆಯ ಸುನಂದ ಬಂದಿದ್ದಳು, ಹಾಲಿನವನು ಸೈಕಲ್ ನಿಲ್ಲಿಸಿದ್ದ. ಸೀತಾರಾಮಯ್ಯನವರು ಗಂಟಲು ಸರಿಮಾಡಿಕೊಂಡರು.

"ಇದು ನಾಲಿಗೇರಿಯಾ."

ನಾಲಿಗೆಯ ಮೇಲೆ ಕೂತಿದೆ, ಕೊನೆಗೊಂದು ಲ್ಯಾಟಿನ್ ಬಾಲ ಇರಲಿ ಎಂದು ಅವರು ಅಲ್ಲೇ, ಆ ಕ್ಷಣದಲ್ಲೇ ಹೊಸೆದ ಹೆಸರು ಅದು. ಆ ಜೀವಿಗೆ ನಾಮಕರಣ ಮಾಡಿದೆ ಎಂದು ಅವರು ತಿಳಿದರು. ಬೀದಿ ಹಾಗೆ ತಿಳಿಯಲಿಲ್ಲ.

"ಅಯ್ಯೋ ದೇವುಡಾ!" ಎಂದಳು ಆಂಜಿನಮ್ಮ. "ಮಲೇರಿಯಾ ತರಾನಾ ಸಾಮಿ?"

ಆಕೆ ಕೇಳಿದ್ದು ಕಾಯಿಲೆಯ ಬಗ್ಗೆ. ಅವರಿಗೆ ಕೇಳಿಸಿದ್ದು ಹೆಸರಿನ ವ್ಯಾಕರಣದ ಬಗ್ಗೆ. "ಹೌದಮ್ಮ, ಅದೇ ತರಹ" ಎಂದು ಹೇಳಿ ಅವರು ಒಳಗೆ ಹೋಗಿ ಉಪ್ಪಿಟ್ಟು ತಿಂದರು.

ಅವರು ಕೈ ತೊಳೆಯುವಷ್ಟರಲ್ಲಿ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಏರಿತ್ತು: ಮೀನು ತಿಂದವರಿಗೆ ನಾಲಿಗೇರಿಯಾ ಬರುತ್ತದೆ, ಹುಳ ನಾಲಿಗೆಯನ್ನು ತಿಂದು ಆ ಜಾಗದಲ್ಲಿ ತಾನೇ ಕೂರುತ್ತದೆ, ಖಚಿತಪಡಿಸಿದವರು ವಿಜ್ಞಾನಿ ಸೀತಾರಾಮಯ್ಯ. ಅಂದು ಮಧ್ಯಾಹ್ನ ಊರಿನಲ್ಲಿ ಯಾವ ಕನ್ನಡಿಯ ಮುಂದೆ ನೋಡಿದರೂ ಒಂದು ನಾಲಿಗೆ. ಬಿಸಿ ಬೋಂಡಾ ತಿಂದು ನಾಲಿಗೆ ಸುಟ್ಟುಕೊಂಡವನೊಬ್ಬ ಅಳುತ್ತಾ ಡಾಕ್ಟರ ಬಳಿ ಓಡಿದ. ಕೋಳಿ ಅಂಗಡಿಯ ಮುಂದೆ ಬೋರ್ಡು ಎದ್ದಿತು: "ನಮ್ಮ ಕೋಳಿಗಳಿಗೆ ನಾಲಿಗೇರಿಯಾ ಇಲ್ಲ."

ಸುದ್ದಿ ಸುಮ್ಮನೆ ಕೂರಲಿಲ್ಲ. ಆಂಧ್ರದ ಗಡಿಯ ರಾಯಲ್ಪಾಡಿನ ಬಸ್ಸು ಹತ್ತಿ ಹೋಗಿ ಅಲ್ಲಿ ತೆಲುಗಿನಲ್ಲಿ 'ನಾಲುಕ ಜ್ವರಂ' ಆಯಿತು, ಅಂದರೆ ನಾಲಿಗೆ ಜ್ವರ. ಅಲ್ಲಿಂದ ತಿರುಗಿ ಬರುವಾಗ ಕನ್ನಡದವರ ಕಿವಿಗೆ ಬಿದ್ದು 'ನಾಲ್ಕು ಜ್ವರ' ಆಯಿತು. ಸಂಜೆಗೆ ಮುಳಬಾಗಿಲಿನಿಂದ ಸೀತಾರಾಮಯ್ಯನವರ ಅಕ್ಕ ಫೋನ್ ಮಾಡಿದರು.

"ನಿಮ್ಮೂರಿಗೆ ನಾಲ್ಕು ಜ್ವರ ಬಂದಿದೆಯಂತಲ್ಲೋ! ಒಂದು ಮಲೇರಿಯಾ ಅಂತ ಗೊತ್ತಾಯ್ತು. ಮಿಕ್ಕ ಮೂರು ಯಾವುದೋ?"

ಮಾರನೆಯ ದಿನ ಊರಿನ ಆರೋಗ್ಯದ ಹೊಣೆ ಹೊತ್ತಿದ್ದ ಗಂಗಾಧರ್ ಎಂಬ ಅಧಿಕಾರಿ ಬೈಕಿನಲ್ಲಿ ಮಂಡಿಗೇ ಬಂದರು. ಒಳ್ಳೆಯ ಮನುಷ್ಯ, ಆದರೆ ಹೆಸರಿಲ್ಲದ ಕಾಯಿಲೆಯನ್ನಾದರೂ ಸಹಿಸಿಯಾರು, ಕಾಯಿಲೆಯಿಲ್ಲದ ಹೆಸರು ಅವರ ನಿದ್ದೆ ಕೆಡಿಸಿತ್ತು.

"ಸರ್, ಡೆಂಗೆ ನನಗೆ ಗೊತ್ತು, ಚಿಕುನ್‌ಗುನ್ಯಾ ಗೊತ್ತು. ಈ ನಾಲಿಗೇರಿಯಾಕ್ಕೆ ನಾನು ಫಾಗಿಂಗ್ ಮಾಡಿಸ್ಬೇಕಾ, ಬೇಡ್ವಾ? ಅಷ್ಟು ಹೇಳಿ."

"ಅದು ಕಾಯಿಲೆ ಅಲ್ಲಪ್ಪ" ಎಂದರು ಸೀತಾರಾಮಯ್ಯ. "ಹುಳದ ಹೆಸರು."

"ಯಾವ ಹುಳದ್ದು?"

"ಅದೇ... ನಾಲಿಗೇರಿಯಾ ಅನ್ನೋ ಹುಳದ್ದು."

"ಅದು ಏನು ಮಾಡುತ್ತೆ?"

"ಅದನ್ನ ನೋಡ್ಬೇಕು."

ನೋಡಬೇಕು ಎಂದು ವಿಜ್ಞಾನಿಯೇ ಹೇಳಿದ ಮೇಲೆ ಗಂಗಾಧರ್ ಏನು ಮಾಡಿಯಾರು? ಗೊತ್ತಾಗುವವರೆಗೆ ಮೀನಿನ ಅಂಗಡಿ ತೆಗೆಯಬೇಡಮ್ಮ ಎಂದು ಮುನಿಯಲ್ಲಮ್ಮನಿಗೆ ಹೇಳಿ ಹೋದರು.

ಮುನಿಯಲ್ಲಮ್ಮ ಸಂತೆ ಮೂಲೆಯಲ್ಲಿ ಸಮುದ್ರದ ಮೀನು ಮಾರುವವಳು. ನೆಲ್ಲೂರಿನ ಕಡೆಯಿಂದ ಐಸ್ ಗಾಡಿಯಲ್ಲಿ ಬರುವ ಮೀನು ಊರಿಗೆಲ್ಲ ಅವಳ ಕೈಯಿಂದಲೇ. ಅವಳಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಆ ಅಭ್ಯಾಸ ಅವಳ ವ್ಯಾಪಾರಕ್ಕೆ ಬೇಕಾಗಿಯೂ ಇರಲಿಲ್ಲ. ಅವತ್ತು ಸಂಜೆ ಅವಳು ಸೀತಾರಾಮಯ್ಯನವರ ಗೇಟಿನ ಮುಂದೆ ಮೀನಿನ ಬುಟ್ಟಿ ಇಳಿಸಿದ ಸದ್ದಿಗೆ ಬೀದಿಯ ಬಾಗಿಲುಗಳೆಲ್ಲ ತೆರೆದವು.

"ಏಂ ಸಾಮಿ! ಹೆಸರು ಇಟ್ಟೋರು ನೀವು. ಇನ್ನು ನೀವೇ ಸಾಕಿ!"

ಸೀತಾರಾಮಯ್ಯನವರ ಹೆಂಡತಿ ಜಾನಕಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದರು. "ಏನಮ್ಮ ಇದು, ನಮ್ಮ ಬಾಗಿಲಲ್ಲಿ?"

"ಮೀನಮ್ಮ. ಯಾರೂ ತಗೊಳ್ಳದ ಮೀನು. ನಮ್ಮತ್ತೆ ಕಾಲದಿಂದ ಆ ಮೂಲೇಲಿ ಕೂತಿದ್ದೀನಿ. ಒಬ್ಬರಿಗೂ ಹೊಟ್ಟೆ ನೋವು ಅಂತ ಬಂದಿಲ್ಲ. ಇವರು ಗೋಡೆ ಈಚೆಯಿಂದ ಒಂದು ಮಾತಂದ್ರು, ಆಯ್ತು, ಊರೆಲ್ಲ ಕೋಳಿ. ಐಸ್ ಗಾಡಿಯೋನು ಈ ಭಾನುವಾರ ಒಂದಿನ ನೋಡ್ತೀನಿ, ವ್ಯಾಪಾರ ಇಲ್ದಿದ್ರೆ ಗಾಡಿ ಚಿಂತಾಮಣಿಗೆ ತಿರುಗಿಸ್ತೀನಿ ಅಂದವ್ನೆ. ಗಾಡಿ ಹೋದ್ರೆ ನಾನೇನು ಕೆರೇಲಿ ಕಪ್ಪೆ ಹಿಡೀಲಾ?"

ಸೀತಾರಾಮಯ್ಯನವರು ಮೆಟ್ಟಿಲ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಘೋಷಿಸಿದರು: "ನಾಲಿಗೇರಿಯಾ ಅನ್ನೋದು ಇಲ್ಲವೇ ಇಲ್ಲ! ಆ ಹೆಸರು ನಾನೇ ಹುಟ್ಟಿಸಿದ್ದು!"

ಇಂಥ ಪ್ರಾಮಾಣಿಕತೆಗೆ ಊರು ಸಿದ್ಧವಾಗಿರಲಿಲ್ಲ. ಸುನಂದ ಪಕ್ಕದವಳಿಗೆ ಹೇಳಿದಳು: "ಪಾಪ, ಮೇಲಿಂದ ಒತ್ತಡ ಬಂದಿರ್ಬೇಕು. ಇಷ್ಟು ಗಟ್ಟಿಯಾಗಿ ಇಲ್ಲ ಅಂತಾರೆ ಅಂದ್ರೆ ಇದ್ದೇ ಇದೆ." ವಾಟ್ಸಾಪಿನಲ್ಲಿ ಹೊಸ ಸುದ್ದಿ ಹೋಯಿತು: ವಿಜ್ಞಾನಿಯ ಬಾಯಿ ಮುಚ್ಚಿಸಲಾಗಿದೆ. ಕೆಲವರು ಅವರ ನಾಲಿಗೆಯೇ ಹೋಗಿದೆಯೆಂದು ಅರ್ಥಮಾಡಿಕೊಂಡರು. ಮುಳಬಾಗಿಲಿನ ಅಕ್ಕ ಮತ್ತೆ ಫೋನ್ ಮಾಡಿ, ತಮ್ಮನ ದನಿ ಕೇಳಿದ ಮೇಲೂ, "ಮಾತಾಡ್ತಿರೋದು ನೀನೇನಾ, ಅದೇನಾ?" ಎಂದು ವಿಚಾರಿಸಿದರು.

ಹಾಗಾಗಿ ಉಳಿದ ದಾರಿ ಒಂದೇ. ಆ ಪ್ರಾಣಿ ನಿಜವಾಗಿ ಯಾವುದೆಂದು ಕಂಡುಹಿಡಿಯುವುದು. ಸೀತಾರಾಮಯ್ಯನವರು ಅಕ್ಕನ ಮಗಳು ಸೌಪರ್ಣಿಕಾಗೆ ವಿಡಿಯೋ ಕರೆ ಮಾಡಿದರು. ಅವಳು ಕೋಲಾರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುವವಳು. ವಿಷಯ ಕೇಳಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಸರಿ ಮಾವ, ಮೊದಲು ಕಾಲು ಎಣಿಸಿ."

"ನಾನಾ?"

"ಮತ್ತೆ ಯಾರು? ಜೂವಾಲಜಿಯವರು ನೀವೇ ತಾನೇ? ಆರು ಇದ್ರೆ ಕೀಟ. ಎಂಟು ಇದ್ರೆ ಉಣ್ಣೆ, ಜೇಡದ ಕಡೆಯದು. ಎಷ್ಟಿದೆ ಹೇಳಿ, ಆಮೇಲೆ ಮಾತಾಡೋಣ."

ತುಳಸಿ ಕಟ್ಟೆಯಿಂದ ಈಚೆಗೆ ಮೀನು ಒಂದಂಗುಲವೂ ಬರಕೂಡದು ಎಂದು ಜಾನಕಮ್ಮ ರಂಗೋಲಿ ಹಿಟ್ಟಿನಲ್ಲಿ ಗೆರೆ ಎಳೆದರು. ಗೆರೆಯ ಆಚೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಬಾಳೆ ಎಲೆ. ಮುನಿಯಲ್ಲಮ್ಮ ತನ್ನ ಬುಟ್ಟಿಯ ಪಾಂಪ್ಲೆಟ್ಟೊಂದರ ಬಾಯಿಂದ ಅಂಥದೇ ಜೀವಿಯನ್ನು ಬಿಡಿಸಿ ಎಲೆಯ ಮೇಲಿಟ್ಟಳು. ಸೀತಾರಾಮಯ್ಯನವರು ಮೂಗಿಗೆ ಕರ್ಪೂರ ಕಟ್ಟಿದ ವಸ್ತ್ರ ಸುತ್ತಿಕೊಂಡು, ಕೈಯಲ್ಲಿ ಪಂಚಾಂಗ ಓದುವ ಭೂತಗನ್ನಡಿ ಹಿಡಿದು ಬಗ್ಗಿದರು. ಗೇಟಿನ ಹೊರಗೆ ಜನ ಕಿಕ್ಕಿರಿದಿದ್ದರು. ಮುನಿಯಲ್ಲಪ್ಪ ಇಕ್ಕಳದಿಂದ ಒಂದೊಂದೇ ಕಾಲನ್ನು ಬಿಡಿಸಿ ತೋರಿಸುತ್ತಿದ್ದ.

"ಆರು..." ಎಂದರು ಸೀತಾರಾಮಯ್ಯ. ಗೇಟಿನ ಹೊರಗಿನಿಂದ ಒಬ್ಬ, "ಕೀಟ! ನಾನು ಹೇಳಲಿಲ್ವಾ!" ಎಂದು ಕೂಗಿದ.

"ಎಂಟು..."

"ಉಣ್ಣೆ! ಉಣ್ಣೆ!"

"ಒಂಬತ್ತು... ಹತ್ತು..." ಹತ್ತರಾಚೆಗೆ ಊರಿಗೆ ಅಭಿಪ್ರಾಯವಿರಲಿಲ್ಲ. ಸೀತಾರಾಮಯ್ಯನವರ ಎಣಿಕೆ ಮುಂದೆ ಹೋಗಿ ಹದಿಮೂರಕ್ಕೆ ನಿಂತಿತು.

"ಹದಿಮೂರು ಕಾಲಿನ ಪ್ರಾಣಿ ಲೋಕದಲ್ಲಿ ಇಲ್ಲ ಮಾವ" ಎಂದಿತು ಫೋನು.

"ಇಲ್ಲ ಅಂದ್ರೆ? ಇಲ್ಲೇ ಇದೆಯಲ್ಲೇ!"

ಗೇಟಿನ ಹೊರಗೆ ಗುಜುಗುಜು ಎದ್ದಿತು. ಲೋಕದಲ್ಲಿಯೇ ಇಲ್ಲದ ಪ್ರಾಣಿ ತಮ್ಮೂರಿಗೆ ಬಂದಿದೆ ಎಂದು ಕೆಲವರಿಗೆ ಹೆಮ್ಮೆ, ಕೆಲವರಿಗೆ ಬೆವರು. ಅಷ್ಟರಲ್ಲಿ ಮುನಿಯಲ್ಲಪ್ಪ ತನ್ನ ಹೆಬ್ಬೆರಳನ್ನು ಮುಖದ ಹತ್ತಿರ ತಂದು ನೋಡಿಕೊಂಡ.

"ಸಾಮಿ, ಒಂದು ಕಾಲು ಇಲ್ಲೈತೆ. ನನ್ನ ಉಗುರಿಗೆ ಅಂಟ್ಕೊಂಡೈತೆ."

"ಹದಿನಾಲ್ಕು!" ಸೀತಾರಾಮಯ್ಯನವರು ಕರ್ಪೂರದ ವಸ್ತ್ರ ಕಿತ್ತೆಸೆದು ಕೂಗಿದರು. "ಆ ಕಡೆ ಏಳು, ಈ ಕಡೆ ಏಳು!"

"ಎಲ್ಲ ಕಾಲೂ ಒಂದೇ ತರಹ ಇವೆಯಾ? ಕೊಕ್ಕೆ ಹಾಗೆ?"

"ಒಂದೇ ತರಹ! ಕೊಕ್ಕೆ ಹಾಗೇ!"

"ಹಾಗಾದ್ರೆ ಐಸೋಪಾಡ್ ಮಾವ. ಅಂದ್ರೆ ಸಮಪಾದ. ಇದು ಹುಳವೇ ಅಲ್ಲ, ಸಿಗಡಿ, ಏಡಿ ವಂಶದ್ದು. ಭಾನುವಾರ ನಾನೇ ಬರ್ತೀನಿ. ಅಲ್ಲಿವರೆಗೆ ಒಂದನ್ನ ಸ್ಪಿರಿಟ್ಟಿನಲ್ಲಿ ಹಾಕಿಡಿ."

ಏಡಿ ವಂಶ ಎಂಬ ಮಾತು ಕೇಳಿ ಮುನಿಯಲ್ಲಪ್ಪನ ಮುಖದಲ್ಲಿ ಮೊದಲ ಸಲ ಬೇರೆ ಬಗೆಯ ಆಸಕ್ತಿ ಕಂಡಿತು. ಸೀತಾರಾಮಯ್ಯನವರು ಅದನ್ನು ಗಮನಿಸಿ ಎಲೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಸ್ಪಿರಿಟ್ಟಿಗೆ ಜಾನಕಮ್ಮನ ಮಿಡಿ ಉಪ್ಪಿನಕಾಯಿಯ ಜಾಡಿ ಹೋಯಿತು. ಆ ವಿಷಯವಾಗಿ ಆ ಮನೆಯಲ್ಲಿ ನಡೆದ ಮಾತುಕತೆ ಈ ಕಥೆಗೆ ಸಂಬಂಧಿಸಿದ್ದಲ್ಲ.

ಭಾನುವಾರ ಬೆಳಿಗ್ಗೆ ಸೌಪರ್ಣಿಕಾ ಕೋಲಾರದ ಬಸ್ಸಿನಿಂದ ಇಳಿದು ನೇರವಾಗಿ ಸಂತೆ ಮೂಲೆಗೆ ಬಂದಳು. ಐಸ್ ಗಾಡಿ ನಿಂತಿತ್ತು. ಡ್ರೈವರು ಇಂಜಿನ್ ಆರಿಸಿರಲಿಲ್ಲ. ಚಿಂತಾಮಣಿಯ ದಿಕ್ಕಿಗೆ ಮುಖ ಮಾಡಿಯೇ ನಿಲ್ಲಿಸಿದ್ದ. ಮುನಿಯಲ್ಲಮ್ಮ ಸೊಂಟಕ್ಕೆ ಕೈಯಿಟ್ಟು ಗಾಡಿಯ ಮುಂದೆಯೇ ನಿಂತಿದ್ದಳು. ಮಾವ, ಸೋದರ ಸೊಸೆ ಇಬ್ಬರೂ ಜಾಡಿಯೊಳಗಿನದನ್ನು ಹೊರತೆಗೆದು ನೋಡಿದರು. ಭುಜದ ಎರಡು ತುದಿಗಳು ಮುಂದಕ್ಕೆ ಬಾಗಿ ತಲೆಯನ್ನು ಅಪ್ಪಿಕೊಂಡಿವೆಯೇ? ಇವೆ. ಬಾಲದ ಬುಡ ಹಿಂದಿನ ಪಟ್ಟೆಯೊಳಗೆ ಹುದುಗಿದೆಯೇ? ಇದೆ. ಕೂತಿದ್ದು ಕಪ್ಪು ಪಾಂಪ್ಲೆಟ್ಟಿನ ಬಾಯಲ್ಲೇ? ಹೌದು. ಸೌಪರ್ಣಿಕಾ ತಾನು ತಂದಿದ್ದ ಚಿತ್ರಗಳ ಜೊತೆ ಬಾಲದ ತಟ್ಟೆಯನ್ನೂ ಕಾಲಿನ ಉಬ್ಬುಗೆರೆಯನ್ನೂ ಒಂದೊಂದಾಗಿ ಹೋಲಿಸಿದಳು. ಕೊನೆಗೆ ನೆಟ್ಟಗಾಗಿ, ಮಾವನ ಕಿವಿಯಲ್ಲಿ ಹೆಸರು, ವಿವರ ಉಸುರಿ, "ಹೇಳಿ ಮಾವ, ನೀವೇ ಹೇಳಿ" ಎಂದಳು.

ಸೀತಾರಾಮಯ್ಯನವರು ಮೀನಿನ ಪೆಟ್ಟಿಗೆಯ ಮೇಲೆ ಹತ್ತಿ ನಿಂತರು. ಈ ಸಲ ಹೊಸೆದದ್ದಲ್ಲ.

"ಮಹನೀಯರೇ, ಇದು ಸೈಮೊತೋವ ಎರೆಮೈಟ! ಮೀನಿನ ಬಾಯಲ್ಲಿ ಕೂತು ಮೀನಿನ ರಕ್ತ ಹೀರುತ್ತೆ, ಅಷ್ಟೇ. ಮನುಷ್ಯರಿಗೆ ಏನೂ ಮಾಡಲ್ಲ. ಬಾಯಲ್ಲಿ ಕೂತಿರೋದು ಹೆಣ್ಣು. ಗಂಡು ಸಣ್ಣದು, ಹಿಂದೆ ಕಿವಿರಿನ ಹತ್ತಿರ ಸುಮ್ಮನೆ ಕೂತಿರುತ್ತೆ."

"ನಮ್ಮನೇಲೂ ಹಂಗೇ ಸಾಮಿ" ಎಂದ ಮುನಿಯಲ್ಲಪ್ಪ. ಆಂಜಿನಮ್ಮ ತಿರುಗಿ ನೋಡಿದ್ದಕ್ಕೆ ಎರಡು ಹೆಜ್ಜೆ ಹಿಂದೆ ಹೋದ.

"ಇನ್ನೊಂದು" ಎಂದಳು ಸೌಪರ್ಣಿಕಾ, "ಇವೆಲ್ಲ ಮೊದಲು ಗಂಡಾಗೇ ಬೆಳೆಯೋದು. ಬಾಯಲ್ಲಿ ಜಾಗ ಸಿಕ್ಕಿದ ಮೇಲೆ ಹೆಣ್ಣಾಗೋದು."

"ಬಾಯಿ ಸಿಕ್ಕಿದ ಮೇಲೆ ಬೇರೆ ಇನ್ನೇನಾಗುತ್ತೆ" ಎಂದು ಗುಂಪಿನ ಗಂಡಸರಲ್ಲಿ ಯಾರೋ ಅಂದರು. ಯಾರೆಂದು ಕೊನೆಗೂ ಪತ್ತೆಯಾಗಲಿಲ್ಲ. ಹೆಂಗಸರು ಬಹಳ ಪ್ರಯತ್ನಪಟ್ಟರು.

ಗಂಗಾಧರ್ ಹೆಸರನ್ನು ಕೇಳಿ ಸಂತೋಷಪಟ್ಟರು. ಆದರೆ ಸುನಂದ ಬಿಡಲಿಲ್ಲ. "ಹೆಸರು ಸರಿ, ಹೋದ ಭಾನುವಾರವೂ ಒಂದು ಹೆಸರು ಹೇಳಿದ್ರಲ್ಲ! ನಾಲಿಗೆ ತಿನ್ನಲ್ಲ ಅಂತ ಹೆಂಗೆ ನಂಬೋದು?"

"ಹೌದು, ಹೆಂಗೆ ನಂಬೋದು?" ಎಂದರು ಎಲ್ಲರೂ. ಗಾಡಿಯ ಡ್ರೈವರು ಗೇರು ಹಾಕಿದ ಸದ್ದು ಕೇಳಿಸಿತು. ಮುನಿಯಲ್ಲಮ್ಮ ಒಂದು ಮಾತೂ ಆಡದೆ ಸೀತಾರಾಮಯ್ಯನವರ ಮುಖ ನೋಡಿದಳು. ಅವಳು ಮಾತಾಡದೆ ಇದ್ದದ್ದನ್ನು ಆ ಊರು ಅದೇ ಮೊದಲು ಕಂಡದ್ದು.

"ಹೊಸ ಮೀನು ತೆಗಿಯಮ್ಮ" ಎಂದರು ಸೀತಾರಾಮಯ್ಯ.

ಅವಳು ಗಾಡಿಯಿಂದ ಒಂದೊಂದೇ ಪಾಂಪ್ಲೆಟ್ಟಿನ ಬಾಯಿ ತೆರೆದು ನೋಡಿ, ಕೊನೆಗೊಂದನ್ನು ಮೇಲೆತ್ತಿದಳು. ಒಳಗಿದ್ದದ್ದು ಐಸಿನಿಂದ ಈಚೆಗೆ ಬಂದು, ಬಿಸಿಲು ತಾಗಿ ಮೆಲ್ಲಗೆ ಕಾಲಾಡಿಸಿತು. ಜನ ಒಂದು ಮಾರು ಹಿಂದೆ ಸರಿದರು. ಜಿರಲೆಗೆ ತಲೆ ಸುತ್ತಿದ್ದ ಮನುಷ್ಯ ಅದನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ, ಬಾಯಿ ತೆರೆದು, ನಾಲಿಗೆ ಚಾಚಿ, ನಾಲಿಗೆಯ ನಟ್ಟನಡುವೆ ಇಟ್ಟುಕೊಂಡರು.

"ರೀ!" ಜಾನಕಮ್ಮನ ಕಿರುಚಾಟ ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿತು. "ಸಂಧ್ಯಾವಂದನೆ ಮಾಡೋ ನಾಲಿಗೆ ರೀ ಅದು!"

ಸೀತಾರಾಮಯ್ಯನವರು ಕೈಯೆತ್ತಿ ಅವರಿಗೆ ಸಮಾಧಾನ ಹೇಳಿದರು. ಗಂಗಾಧರ್ ಗಡಿಯಾರ ನೋಡುತ್ತಾ ನಿಂತರು. ಗಾಡಿಯ ಇಂಜಿನ್ ನಿಂತಿತು. ಡ್ರೈವರು ಇಳಿದು ಬಂದು ಮುಂದಿನ ಸಾಲಿಗೆ ನುಗ್ಗಿದ್ದ. ಆ ಜೀವಿ ಒಂದು ಕಾಲು ಆಡಿಸಿತು, ಇನ್ನೊಂದು ಆಡಿಸಿತು, ಇದು ತನ್ನ ಜಾಗವಲ್ಲವೆಂದು ತೀರ್ಮಾನಿಸಿದಂತೆ ಸುಮ್ಮನಾಯಿತು.

"ಸಾಮಿ, ಈಗ ಅದರ ಹೆಸರು ಹೇಳಿ!" ಎಂದು ಮುನಿಯಲ್ಲಪ್ಪ ಕೂಗಿದ.

"ಥೈಮೊಥೋವ ಎಯೆಮೈಥ!"

ಹೇಳಿದ ರಭಸಕ್ಕೆ ಎರೆಮೈಟ ಹಾರಿ ಗಂಗಾಧರರ ಅಂಗಿಯ ಮೇಲೆ ಬಿತ್ತು. ಆಂಜಿನಮ್ಮ ಓಡಿ ಬಂದು ಸೀತಾರಾಮಯ್ಯನವರ ಗಲ್ಲ ಹಿಡಿದು, ನಾಲಿಗೆಯ ಮೇಲೆ, ಕೆಳಗೆ, ಎರಡೂ ಪಕ್ಕ ನೋಡಿ, ಊರಿನ ಕಡೆ ತಿರುಗಿ ತೀರ್ಪು ಕೊಟ್ಟಳು: "ಪೂರ್ತಿ ಐತೆ! ಒಂಚೂರೂ ಹೋಗಿಲ್ಲ!"

ಎದ್ದ ಕೇಕೆಗೆ ಸಂತೆಯ ಕಾಗೆಗಳೆಲ್ಲ ಹಾರಿದವು. ಯಾರೋ "ಸೈಮೊತೋವ ಎರೆಮೈಟಕ್ಕೆ" ಎಂದರು, ಊರೆಲ್ಲ "ಜೈ!" ಎಂದಿತು. ಒಂದು ವಾರದಿಂದ ಮೀನಿಲ್ಲದೆ ಬಾಯಿ ಕೆಟ್ಟಿದ್ದ ಜನ ಗಾಡಿಗೆ ಮುತ್ತಿದರು. ಸ್ವಲ್ಪ ಹೊತ್ತಿಗೆಲ್ಲ ಹೊಸ ಜಗಳ ಶುರುವಾಯಿತು. "ನನಗೆ ಎರೆಮೈಟ ಇರೋದೇ ಬೇಕು!" "ಅವರಿಗೆ ಇರೋದು ಕೊಟ್ಟೆ, ನನಗೇನು ಬರೀ ಮೀನು ಕೊಡ್ತೀಯಾ?" ಸುನಂದ ಬಾಯಿ ಖಾಲಿ ಇದ್ದ ಮೀನನ್ನು ವಾಪಸ್ಸು ಕೊಟ್ಟು ಬೇರೆ ಕೇಳಿದಳು. ಮುನಿಯಲ್ಲಮ್ಮ ತನ್ನ ಎಂದಿನ ದನಿಯಲ್ಲಿ, "ಇರೋದು, ಇಲ್ದಿರೋದು ಅಂತ ನಾನೇನು ಒಳಗೆ ಕೂರಿಸ್ತೀನಾ! ದೇವರು ಕೊಟ್ಟಂಗೆ ತಗೊಳಿ!" ಎಂದು ಗದರಿಸುತ್ತಾ ಮಾರಿದಳು. ಮುಂದಿನ ವಾರ ಎರಡು ಪೆಟ್ಟಿಗೆ ಜಾಸ್ತಿ ತರುತ್ತೇನೆಂದು ಡ್ರೈವರು ಮಾತು ಕೊಟ್ಟು ಹೋದ.

ಜಾನಕಮ್ಮ ಗಂಡನಿಗೆ ಅರಿಶಿನ ನೀರಿನಲ್ಲಿ, ಉಪ್ಪು ನೀರಿನಲ್ಲಿ, ಕೊನೆಗೆ ಗೋಮೂತ್ರದಲ್ಲಿ ಬಾಯಿ ತೊಳೆಸಿದರು. ನಡುನಡುವೆ ಹೊರಗೆ ಬಂದು, ನೆರೆದಿದ್ದ ಹೆಂಗಸರಿಗೆ, "ನಮ್ಮವರಿಗೆ ಮೊದಲಿನಿಂದಲೂ ಧೈರ್ಯ ಜಾಸ್ತಿ" ಎಂದು ಹೇಳಿ ಹೋಗುತ್ತಿದ್ದರು.

ಅದಾದ ವಾರ ಸೌಪರ್ಣಿಕಾ ತನ್ನ ವಿದ್ಯಾರ್ಥಿಗಳ ಮುಂದೆ ಮಾತಾಡಲು ಮಾವನನ್ನು ಕೋಲಾರಕ್ಕೆ ಕರೆಸಿಕೊಂಡಳು. ಸೀತಾರಾಮಯ್ಯನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಸ್ಸು ಹತ್ತಿದರು. ಕಂಡಕ್ಟರು ಟಿಕೆಟ್ ಕೊಡಲು ಬಂದವನು ಮುಖ ನೋಡಿ ಅಲ್ಲೇ ನಿಂತ.

"ಸಾರ್, ನೀವು ಅವರೇ ಅಲ್ವಾ? ದಯವಿಟ್ಟು ಒಂದ್ಸಲ ತೋರ್ಸಿ ಸಾರ್."

ಬಸ್ಸೆಲ್ಲ ತಿರುಗಿ ಕೂತಿತು. ಸೀತಾರಾಮಯ್ಯನವರು ಕನ್ನಡಕ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಒಬ್ಬ ವಿದ್ವಾಂಸನಿಗೆ ತಕ್ಕ ಗಾಂಭೀರ್ಯದಿಂದ ನಾಲಿಗೆ ಚಾಚಿದರು. ಚಪ್ಪಾಳೆ ಬಿತ್ತು. ಹೋಳೂರಿನಲ್ಲಿ ಹತ್ತಿದವರು ಪಾಪ ನೋಡಿರಲಿಲ್ಲ. ಅವರಿಗೋಸ್ಕರ ಇನ್ನೊಮ್ಮೆ ಚಾಚಿದರು.